ರಾಮಕುಂಜದ ಗುಡ್ಡ, ಹಿಮನಾಡಿನ ಅಂಗಳ

ಉಪ್ಪಿನಂಗಡಿಯಲ್ಲಿ ನೇತ್ರಾವತಿ ಮತ್ತು ಕುಮಾರಧಾರಾ ನದಿಗಳು ಕೂಡುತ್ತವೆ. ಸಹಸ್ರಲಿಂಗೇಶ್ವರನ ಸನ್ನಿಧಿಯ ಆ ಸಂಗಮವನ್ನು ದರ್ಶಿಸಿ, ಕಡಬದ ಮಾರ್ಗವಾಗಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುವ ರಸ್ತೆಯನ್ನು ಹಿಡಿದರೆ ಕೆಲವೇ ಮೈಲಿಗಳ ಅಂತರದಲ್ಲಿ ಕೊಯಿಲ, ರಾಮಕುಂಜ, ಆಲಂಕಾರು ಎಂಬ ಗ್ರಾಮಗಳು ಸಿಗುತ್ತವೆ. ಹಿಂದೆ ಪುತ್ತೂರು ತಾಲ್ಲೂಕಿನಲ್ಲಿದ್ದ ಈ ಪ್ರದೇಶವು 2018ರಲ್ಲಿ ಅಸ್ತಿತ್ವಕ್ಕೆ ಬಂದ ಕಡಬ ತಾಲ್ಲೂಕಿಗೆ ಈಗ ಸೇರಿದೆ. ಕುಂಜವೆಂದರೆ ಬಳ್ಳಿಗಳು ಹೊದೆದ ಲತಾಗೃಹ. ಅಡಕೆಯ ತೋಟಗಳು, ಅವುಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿಗಳು, ನಡುವೆ ಹೆಂಚಿನ ಮನೆಗಳು: ರಾಮಕುಂಜವನ್ನು ಕಂಡವರಿಗೆ ಆ ಹೆಸರು ಎಷ್ಟು ಉಚಿತವಾದುದೆಂದು ಹೇಳಬೇಕಾಗಿಲ್ಲ. ಉಡುಪಿಯ ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಸ್ವಾಮಿಗಳು 1931ರಲ್ಲಿ ಜನ್ಮತಾಳಿದ ಊರು ಇದು. 2019ರ ಡಿಸೆಂಬರಿನಲ್ಲಿ ಅವರು ಅಗಲಿದಾಗ ಈ ಪುಟ್ಟ ಗ್ರಾಮದ ಹೆಸರು ನಾಡಿನ ಎಲ್ಲ ಪತ್ರಿಕೆಗಳಲ್ಲಿಯೂ ಬಂದಿತು.

ಆದರೆ ಈ ಲೇಖನದ ವಸ್ತು ಕ್ಷೇತ್ರದರ್ಶನವಲ್ಲ, ಹುಲ್ಲು. 'ತೃಣಮಾತ್ರ'ವೆಂದು ನಾವು ಸುಲಭವಾಗಿ ತಳ್ಳಿಹಾಕುವ ಹುಲ್ಲು. ರಾಮಕುಂಜದ ಸುತ್ತಲಿನ ಗುಡ್ಡಗಳ ಮೇಲೆ ಬೆಳೆಯುವ ಹುಲ್ಲನ್ನೂ, ಸಾವಿರಾರು ಮೈಲಿಗಳಾಚೆ ಹಿಮ ಬೀಳುವ ದೇಶದಲ್ಲಿ ನಮ್ಮವರ ಮಕ್ಕಳು ಮನೆಯ ಮುಂದೆ ಬೆಳೆಸುವ ಹುಲ್ಲನ್ನೂ ಒಟ್ಟಿಗೆ ಇಟ್ಟು ನೋಡಿದಾಗ ತಿಳಿದ ಒಂದು ಸಂಗತಿಯನ್ನು ಓದುಗ ಬಾಂಧವರ ಮುಂದಿಡುವುದು ಇಲ್ಲಿನ ಉದ್ದೇಶ.

ಕೊಯಿಲದ ಹಸಿರು

ರಾಮಕುಂಜಕ್ಕೆ ಹೊಂದಿಕೊಂಡಿರುವ ಕೊಯಿಲದಲ್ಲಿ ಸರಕಾರದ ಪಶುಪಾಲನಾ ಇಲಾಖೆಯ ಜಾನುವಾರು ಸಂವರ್ಧನಾ ಕ್ಷೇತ್ರವಿದೆ. ನೂರಾರು ಎಕರೆಗಳಷ್ಟು ಹರಡಿಕೊಂಡ ತೆರೆದ ಗುಡ್ಡಗಳು ಅದರ ಆಸ್ತಿ. ಮಲೆನಾಡು ಗಿಡ್ಡ ಎಂಬ ನಮ್ಮ ಪಶ್ಚಿಮಘಟ್ಟದ ಪುಟ್ಟ ತಳಿಯನ್ನು ಇಲ್ಲಿ ಸಾಕಿ ಸಂರಕ್ಷಿಸುತ್ತಾರೆ. ಈ ಹಸು ಆಕಾರದಲ್ಲಿ ಚಿಕ್ಕದು, ಹಾಲಿನಲ್ಲಿಯೂ ಮಿತ. ಆದರೆ ಜಡಿಮಳೆಯಲ್ಲಿ ನೆನೆದರೂ ಜಗ್ಗದು. ಗುಡ್ಡದ ಹುಲ್ಲನ್ನೇ ಮೇದು ಜೀವಿಸಬಲ್ಲದು. ಕ್ಷೇತ್ರದ ಜಾಗದಲ್ಲಿ ಒಂದು ಭಾಗವನ್ನು ಪಶುವೈದ್ಯಕೀಯ ಕಾಲೇಜಿಗೂ ನೀಡಲಾಗಿದೆ.

ಆಷಾಢದಲ್ಲಿ ಈ ಗುಡ್ಡಗಳನ್ನು ನೋಡಬೇಕು. ತಗ್ಗು ದಿಬ್ಬಗಳು ಒಂದರ ಹಿಂದೊಂದು ಏಳುತ್ತಾ ಹೋಗುತ್ತವೆ. ಮರಗಳು ವಿರಳ. ಕಣ್ಣು ಹಾಯುವವರೆಗೂ ಮೊಣಕಾಲೆತ್ತರಕ್ಕಿಂತ ಕಡಿಮೆಯ, ಸಮನಾದ, ಎಳೆಹಸಿರು ಹುಲ್ಲು. ಅದರ ಮೇಲೆ ಮೋಡದ ನೆರಳು ಸರಿದುಹೋಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಈ ದೃಶ್ಯದ ಕೀರ್ತಿ ಹಬ್ಬಿ, ಮಳೆಗಾಲದಲ್ಲಿ ಇದನ್ನು ನೋಡಲೆಂದೇ ಜನ ಬರುತ್ತಾರೆ. ಹಲವರು ಇದನ್ನು ಯಾರೋ ಬೆಳೆಸಿದ ಲಾನ್ ಎಂದೇ ಭಾವಿಸುತ್ತಾರೆ. ಬಿತ್ತಿದವರಾರು, ನೀರುಣಿಸುವವರಾರು, ಇಷ್ಟು ಸಮನಾಗಿ ಕತ್ತರಿಸುವ ಯಂತ್ರ ಎಲ್ಲಿದೆ ಎಂದು ಹುಡುಕುತ್ತಾರೆ. ಬಿತ್ತಿದ್ದು ಗಾಳಿ, ನೀರುಣಿಸಿದ್ದು ಮಳೆ, ಕತ್ತರಿಸಿದ್ದು ಹಸುವಿನ ಹಲ್ಲು.

ಈ ಗುಡ್ಡಗಳ ನೆಲ ಮುರಕಲ್ಲಿನದು. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳ ಸಂಧಿಯಲ್ಲಿ ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವಿದ್ವಾಂಸನು ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಆ ಹೆಸರು ಹುಟ್ಟಿದೆ. ತೇವದಲ್ಲಿ ಕೊಡಲಿಗೆ ಮಣಿಯುವ ಈ ಕಲ್ಲು ಗಾಳಿ ಬಿಸಿಲುಗಳಿಗೆ ಗಟ್ಟಿಯಾಗುತ್ತದೆ. ಅದರ ಮೇಲಿರುವುದು ಗೇಣುದ್ದವೂ ಇಲ್ಲದ ಮಣ್ಣು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಿದ್ದುಹೋಗುತ್ತದೆ. ನಾಲ್ಕು ತಿಂಗಳು ನೀರಿನಲ್ಲಿ ತೊಯ್ದು, ನಾಲ್ಕು ತಿಂಗಳು ಕಾದ ಹಂಚಿನಂತಾಗುವ ನೆಲದಲ್ಲಿ ಬೇರುಬಿಟ್ಟು ಬಾಳುವುದು ಹುಲ್ಲಿಗೆ ಮಾತ್ರ ಸಾಧ್ಯವಾದ ವಿದ್ಯೆ.

ಗುಡ್ಡದ ಹುಲ್ಲಿನ ವರ್ಷ

ಇದೇ ಗುಡ್ಡಗಳನ್ನು ವೈಶಾಖದಲ್ಲಿ ಕಂಡವರು ಆಷಾಢದ ವರ್ಣನೆಯನ್ನು ನಂಬಲಾರರು. ಆಗ ಅಲ್ಲಿ ಹಸಿರಿನ ಸುಳಿವಿರುವುದಿಲ್ಲ. ಕಂದುಬಣ್ಣದ ಕಡ್ಡಿಗಳು, ನಡುನಡುವೆ ಇಣುಕುವ ಕೆಂಪು ಕಲ್ಲು, ಕಾಲಿಟ್ಟರೆ ಏಳುವ ಧೂಳು ಇವಿಷ್ಟೇ. ಅಂಥ ಒಂದು ಮಧ್ಯಾಹ್ನ ರಾಮಕುಂಜದ ಒಬ್ಬ ಹಿರಿಯ ಕೃಷಿಕರೊಡನೆ ಗುಡ್ಡದ ಅಂಚಿನಲ್ಲಿ ನಿಂತಿದ್ದಾಗ, "ಈ ವರ್ಷ ಹುಲ್ಲೆಲ್ಲ ಸತ್ತೇಹೋಯಿತೇ?" ಎಂದು ಕೇಳಿದೆ. ಅವರು ನಕ್ಕು, "ಸತ್ತದ್ದಲ್ಲ ಮಾರಾಯ್ರೆ, ಮಲಗಿದ್ದು. ಬುಡ ಉಂಟಲ್ಲ. ಎರಡು ಮಳೆ ಬೀಳಲಿ, ಮತ್ತೆ ಬಂದು ನೋಡಿ" ಎಂದರು.

ಆ ಮಾತಿನಲ್ಲಿ ಸಸ್ಯಶಾಸ್ತ್ರದ ಒಂದು ಪಾಠವೇ ಅಡಗಿದೆ. ಹುಲ್ಲಿನ ಜೀವ ನಮ್ಮ ಕಣ್ಣಿಗೆ ಕಾಣುವ ಎಲೆಯಲ್ಲಿಲ್ಲ. ನೆಲಕ್ಕೆ ತಾಗಿದಂತಿರುವ ಬುಡದ ಮೊಗ್ಗಿನಲ್ಲಿದೆ. ಬೇರೆ ಗಿಡಗಳು ತುದಿಯಲ್ಲಿ ಬೆಳೆಯುತ್ತವೆ. ತುದಿ ಮುರಿದರೆ ತಡೆಯುತ್ತವೆ. ಹುಲ್ಲು ಬುಡದಿಂದ ಬೆಳೆಯುತ್ತದೆ. ಆದುದರಿಂದಲೇ ಹಸು ಮೇದರೂ, ಕತ್ತಿ ಕೊಯ್ದರೂ ಅದು ಮತ್ತೆ ಚಿಗುರುತ್ತದೆ. ನೀರು ಬತ್ತಿದಾಗ ಎಲೆಯನ್ನು ಒಣಗಲು ಬಿಟ್ಟು, ಬುಡವನ್ನು ಮಾತ್ರ ಕಾಪಾಡಿಕೊಂಡು ನಿದ್ರಿಸುತ್ತದೆ. ಕೆಲವು ಜಾತಿಯ ಹುಲ್ಲುಗಳು ಇನ್ನೂ ಮುಂದೆ ಹೋಗಿ, ತಾವು ಸತ್ತು ಬೀಜರೂಪದಲ್ಲಿ ಮಳೆಗಾಗಿ ಕಾಯುತ್ತವೆ.

ಹಳೆಯ ತಲೆಮಾರಿನವರು ಈ ನಿದ್ದೆಯ ಕಾಲವನ್ನು ಅರಿತೇ ಹುಲ್ಲನ್ನು ಬಳಸುತ್ತಿದ್ದರು. ಮನೆಯ ಮಾಡಿಗೆ ಹೊದೆಸುವ ಮುಳಿಹುಲ್ಲನ್ನು ಮಳೆಗಾಲದ ನಡುವೆ ಯಾರೂ ಕೊಯ್ಯುತ್ತಿರಲಿಲ್ಲ. ಅದು ಬೆಳೆದು, ಬೀಜ ಉದುರಿಸಿ, ತಾನಾಗಿ ಒಣಗಿದ ಮೇಲೆ ಕೊಯ್ಯುತ್ತಿದ್ದರು. ಮಾಡಿಗೆ ಹುಲ್ಲೂ ದೊರೆಯಿತು, ಮುಂದಿನ ವರ್ಷಕ್ಕೆ ಬೀಜವೂ ಉಳಿಯಿತು. ಈ ಜಿಲ್ಲೆಯಲ್ಲಿ ಕುಮ್ಕಿ ಎಂಬ ಒಂದು ಹಕ್ಕಿದೆ. ವರ್ಗ ಜಮೀನಿನ ಸುತ್ತ 100 ಗಜಗಳ ಒಳಗಿನ ಸರಕಾರಿ ಭೂಮಿಯಿಂದ ಸೊಪ್ಪು, ಹುಲ್ಲು, ಕಟ್ಟಿಗೆಗಳನ್ನು ತರುವ ಸವಲತ್ತು ಅದು. ಕುಮ್ಕಿಯ ಗುಡ್ಡವಿಲ್ಲದೆ ತೋಟಕ್ಕೆ ಗೊಬ್ಬರವಿರಲಿಲ್ಲ, ಹಟ್ಟಿಗೆ ಮೇವಿರಲಿಲ್ಲ.

ಆಮೇಲೆ ಕಾಲ ಬದಲಾಯಿತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಹೆಂಚು ಹಳ್ಳಿಹಳ್ಳಿಗೆ ಹಬ್ಬಿದಂತೆ ಮುಳಿಹುಲ್ಲಿನ ಬೇಡಿಕೆ ಇಲ್ಲವಾಯಿತು. ಶ್ರೀಲಂಕಾದೊಡನೆ 1964ರಲ್ಲಿ ಆದ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಅನ್ವಯ ಮರಳಿ ಬಂದ ತಮಿಳು ಕುಟುಂಬಗಳ ಪುನರ್ವಸತಿಗಾಗಿ ಸುಳ್ಯ–ಪುತ್ತೂರು ಪ್ರದೇಶದಲ್ಲಿ ರಬ್ಬರ್ ತೋಟಗಳು ಎದ್ದವು. ಅನಂತರ ರೈತರೂ ಗುಡ್ಡಗಳಲ್ಲಿ ರಬ್ಬರ್ ನೆಟ್ಟರು. ಅಡಕೆಯ ತೋಟವೂ ಕಣಿವೆಯಿಂದ ಗುಡ್ಡಕ್ಕೆ ಹತ್ತಿತು. ಹಟ್ಟಿಯಲ್ಲಿ ದನಗಳು ಕಡಿಮೆಯಾದವು. ದನ ಮೇಯದ ಗುಡ್ಡದಲ್ಲಿ ಮುಳ್ಳಿನ ಪೊದೆಗಳು ಎದ್ದು ಹುಲ್ಲನ್ನು ಮುಚ್ಚಿಬಿಡುತ್ತವೆ. ಕೊಯಿಲದ ಗುಡ್ಡಗಳು ತೆರೆದ ಹುಲ್ಲುಗಾವಲಾಗಿ ಉಳಿದಿರುವುದಕ್ಕೆ ಕಾರಣ ಅಲ್ಲಿ ಇನ್ನೂ ದನಗಳು ಮೇಯುತ್ತಿರುವುದು.

ಹಿಮನಾಡಿನ ಅಂಗಳ

ಈ ಗುಡ್ಡದ ಮೇಲೆ ನಿಂತಾಗ ಅಮೆರಿಕದ ನೆನಪು ಏಕೆ ಬರಬೇಕು ಎಂದು ಓದುಗರು ಕೇಳಬಹುದು. ಇಂದು ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಚಿಕಾಗೋ, ಡೆಟ್ರಾಯಿಟ್, ಟೊರಾಂಟೊ, ಮಿನಿಯಾಪೊಲಿಸ್ ನಗರಗಳಲ್ಲಿ ನೆಲೆಸಿದ್ದಾರೆ. ತಂದೆತಾಯಿಗಳು ಬೇಸಗೆಯ ಐದಾರು ತಿಂಗಳು ಅವರಲ್ಲಿಗೆ ಹೋಗಿಬರುವುದು ರೂಢಿಯಾಗಿದೆ. ಅಲ್ಲಿ ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಹಿರಿಯರಿಗೆ ಉಳಿಯುವ ಸಂಗಾತಿ ಎಂದರೆ ಮನೆಯ ಮುಂದಿನ ಹುಲ್ಲಿನ ಅಂಗಳ. ಮಿನಿಯಾಪೊಲಿಸ್ಸಿನಲ್ಲಿ ಮಗನ ಮನೆಯಲ್ಲಿ ಎರಡು ಬಾರಿ ತಂಗಿದ್ದಾಗ ನನ್ನ ಪಾಲಿಗೆ ಬಂದ ಕಾಯಕವೂ ಅದೇ.

ಧಾರವಾಡದ ಕಡೆಯ ಎರೆಭೂಮಿಯಲ್ಲಿ ಬೆಳೆದವರಿಗೆ ಇದು ಮೊದಲಿಗೆ ವಿಚಿತ್ರವೆನಿಸುತ್ತದೆ. ನಮ್ಮಲ್ಲಿ ಕರಕಿಯನ್ನು ಹೊಲದಿಂದ ಅಗೆದು ಹಾಕಲು ಆಳುಗಳನ್ನು ಹಚ್ಚುತ್ತೇವೆ. ಅಲ್ಲಿ ಹುಲ್ಲು ಬೆಳೆಸಲು ಹಣ ಸುರಿಯುತ್ತಾರೆ. ದನವೊಂದೂ ಮೇಯದ ಹುಲ್ಲಿಗೆ ಕುಡಿಯುವ ನೀರನ್ನು ಹಾಯಿಸುತ್ತಾರೆ. ಆ ದೇಶದಲ್ಲಿ ಮನೆ, ಉದ್ಯಾನ, ಆಟದ ಮೈದಾನಗಳೆಲ್ಲ ಸೇರಿ ಲಾನ್ ವ್ಯಾಪಿಸಿರುವ ನೆಲ ಸುಮಾರು 1,60,000 ಚದರ ಕಿಲೋಮೀಟರುಗಳೆಂದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ನಮ್ಮ ಕರ್ನಾಟಕದ ಒಟ್ಟು ವಿಸ್ತೀರ್ಣವೇ 1,91,791 ಚದರ ಕಿಲೋಮೀಟರು ಎಂಬುದನ್ನು ನೆನೆದರೆ ಅದರ ಅಗಾಧತೆ ತಿಳಿದೀತು. ಹುಲ್ಲು ಕತ್ತರಿಸುವ ಯಂತ್ರವನ್ನು 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ ರೂಪಿಸಿದ ಮೇಲೆ, ಹಿಂದೆ ಶ್ರೀಮಂತರ ಎಸ್ಟೇಟುಗಳಲ್ಲಿ ಮಾತ್ರ ಇದ್ದ ಈ ಶೋಭೆ ಸಾಮಾನ್ಯರ ಮನೆಗೂ ಬಂದಿತು. ಈಗ ಅದು ಶೋಭೆಯಷ್ಟೇ ಅಲ್ಲ, ಕಟ್ಟಳೆಯೂ ಹೌದು. ಹುಲ್ಲು ಮಿತಿ ಮೀರಿ ಬೆಳೆದರೆ ನಗರಾಡಳಿತದಿಂದ ಎಚ್ಚರಿಕೆಯ ಪತ್ರ ಬರುತ್ತದೆ. ನೆರೆಯವರ ಅಂಗಳ ಹಸಿರಾಗಿದ್ದು ತಮ್ಮದು ಮಾತ್ರ ಬೋಳಾಗಿದ್ದರೆ ಹೊಸದಾಗಿ ಮನೆ ಕೊಂಡ ನಮ್ಮ ಮಕ್ಕಳಿಗೆ ಸಂಕೋಚ. ಆ ಸಂಕೋಚದಿಂದ ವಸಂತದಲ್ಲಿ ಕಂಡ ಕಂಡ ಗೊಬ್ಬರ, ಔಷಧಿಗಳನ್ನು ತಂದು ಸುರಿಯುತ್ತಾರೆ. ಹಣ ಹೋಗುತ್ತದೆ, ಹುಲ್ಲು ಬರುವುದಿಲ್ಲ.

ಏಕೆ ಬರುವುದಿಲ್ಲ? ಹುಲ್ಲಿನ ನಿದ್ದೆಯ ಕಾಲವನ್ನು ಅವರು ಗಮನಿಸುವುದಿಲ್ಲ. ರಾಮಕುಂಜದ ಕೃಷಿಕರು ಹೇಳಿದ ಮಾತು ಅಲ್ಲಿಗೂ ಅನ್ವಯಿಸುತ್ತದೆ. ತಿಂಗಳುಗಳು ಮಾತ್ರ ಬೇರೆ.

ಹುಲ್ಲುಗಳಲ್ಲಿ ಎರಡು ಕುಲಗಳಿವೆ. ಒಂದು ಬಿಸಿಲನ್ನು ಬಯಸುವ ಕುಲ. ಇನ್ನೊಂದು ತಂಪನ್ನು ಬಯಸುವ ಕುಲ. ನಮ್ಮ ಗರಿಕೆ, ಅಂದರೆ ಉತ್ತರ ಕರ್ನಾಟಕದ ಕರಕಿ, ಮೊದಲನೆಯ ಕುಲದ್ದು. ಗಣೇಶನ ಪೂಜೆಗೆ ಕೊಯ್ಯುವ ಅದೇ ಗರಿಕೆಯನ್ನು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬರ್ಮುಡಾ ಹುಲ್ಲೆಂದು ಕರೆದು ಲಾನಿಗೆ ಬಳಸುತ್ತಾರೆ. ಆದರೆ ಮಿನಿಯಾಪೊಲಿಸ್ ಇರುವುದು ಸುಮಾರು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 9 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿರುತ್ತದೆ. ನೆಲ ಮೂರು ಅಡಿ ಆಳಕ್ಕೆ ಹೆಪ್ಪುಗಟ್ಟುವುದೂ ಉಂಟು. ಅಂಥಲ್ಲಿ ಗರಿಕೆ ಬದುಕದು. ಅಲ್ಲಿ ಬಾಳುವುದು ಕೆಂಟಕಿ ಬ್ಲೂಗ್ರಾಸ್, ಫೆಸ್ಕ್ಯೂ, ರೈಗ್ರಾಸ್ ಎಂಬ ತಂಪುಕುಲದ ಹುಲ್ಲುಗಳು. ಕೆಂಟಕಿಯ ಹೆಸರು ಹೊತ್ತ ಹುಲ್ಲು ಕೂಡ ಅಮೆರಿಕದ್ದಲ್ಲ. ಯೂರೋಪು, ಏಷ್ಯಾಗಳಿಂದ ವಲಸೆ ಹೋಗಿ ಅಲ್ಲಿ ಬೇರುಬಿಟ್ಟದ್ದು.

ಈ ತಂಪುಕುಲದ ಹುಲ್ಲಿನ ಎಲೆ ಸುಮಾರು 15ರಿಂದ 24 ಡಿಗ್ರಿ ಉಷ್ಣತೆಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಬೇರು ಅದಕ್ಕಿಂತಲೂ ತಂಪಾದ ಮಣ್ಣನ್ನು ಬಯಸುತ್ತದೆ. ಆದುದರಿಂದ ಅದಕ್ಕೆ ವರ್ಷದಲ್ಲಿ ಎರಡು ನಿದ್ದೆ. ಹಿಮದಡಿಯ ದೀರ್ಘನಿದ್ರೆ ಒಂದು. ಜುಲೈ–ಆಗಸ್ಟಿನ ಬಿಸಿಯಲ್ಲಿ ಕಣ್ಣುಮುಚ್ಚುವ ಅರೆನಿದ್ರೆ ಇನ್ನೊಂದು. ಎಚ್ಚರವಾಗಿರುವುದು ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ.

ಶ್ರಾವಣದಲ್ಲಿ ಬಿತ್ತನೆ, ಭಾದ್ರಪದದಲ್ಲಿ ಉಣಿಸು

ಮಕ್ಕಳ ಮನೆಗೆ ಹೋಗುವ ಹಿರಿಯರಿಗೂ, ಅಲ್ಲಿಯೇ ನೆಲೆಸಿರುವ ಕಿರಿಯರಿಗೂ ಉಪಯುಕ್ತವಾಗಬಹುದಾದ ಕ್ರಮವನ್ನು ಇಲ್ಲಿ ಸಂಗ್ರಹವಾಗಿ ಹೇಳಬಹುದು.

ಬಿತ್ತನೆಗೆ ವಸಂತವು ಸೂಕ್ತವೆಂಬುದು ಸಾಮಾನ್ಯ ತಿಳಿವಳಿಕೆ. ಮಿನ್ನೆಸೋಟದಂಥ ಶೀತಪ್ರದೇಶದಲ್ಲಿ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗಿನ ಕಾಲವೇ ಶ್ರೇಷ್ಠ. ನಮ್ಮ ಪಂಚಾಂಗದಂತೆ ಬಹುಮಟ್ಟಿಗೆ ಶ್ರಾವಣ, ಭಾದ್ರಪದ. ಆಗ ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಗಾಳಿ ತಂಪಾಗತೊಡಗಿರುತ್ತದೆ, ಕಳೆಗಳ ಹಾವಳಿ ತಗ್ಗಿರುತ್ತದೆ. ನೆಲ ಹೆಪ್ಪುಗಟ್ಟುವ ಮೊದಲು ಬೇರು ಇಳಿಯಲು ಸಮಯ ಸಿಗುತ್ತದೆ. ರೈಗ್ರಾಸ್ ಒಂದು ವಾರದ ಆಚೀಚೆ ಮೊಳೆಯುತ್ತದೆ. ಬ್ಲೂಗ್ರಾಸಿಗೆ ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರದಲ್ಲಿ ಮೊಳಕೆ ಕಾಣಲಿಲ್ಲವೆಂದು ಮತ್ತೆ ಬೀಜ ಚೆಲ್ಲಬಾರದು. ಆದರೆ ಮೇಲ್ಮಣ್ಣು ಒಣಗದಂತೆ ದಿನವೂ ತುಂತುರು ನೀರು ಕೊಡಬೇಕು. ತುಳಿದು ತುಳಿದು ನೆಲ ಗಟ್ಟಿಯಾಗಿದ್ದರೆ ಯಂತ್ರದಿಂದ ಸಣ್ಣ ಸಣ್ಣ ರಂಧ್ರಗಳನ್ನು ಮಾಡಿ ಮಣ್ಣಿಗೆ ಗಾಳಿಯಾಡಿಸುವ ಕೆಲಸಕ್ಕೂ ಇದೇ ಕಾಲ.

ಕತ್ತರಿಸುವ ವಿಷಯದಲ್ಲಿ ಒಂದೇ ಸೂತ್ರ ನೆನಪಿಟ್ಟರೆ ಸಾಕು: ಒಂದು ಸಲಕ್ಕೆ ಎಲೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಹುಲ್ಲನ್ನು ಸುಮಾರು 3 ಅಂಗುಲ ಎತ್ತರಕ್ಕೆ ಬಿಡಬೇಕು. ಮತ್ತೆ ಮತ್ತೆ ಕತ್ತರಿಸುವ ತೊಂದರೆ ತಪ್ಪಲೆಂದು ನೆಲಕ್ಕೆ ಹತ್ತಿ ಕತ್ತರಿಸುವವರಿದ್ದಾರೆ. ಎಲೆ ಗಿಡ್ಡವಾದಂತೆ ಬೇರೂ ಗಿಡ್ಡವಾಗುತ್ತದೆ. ನೆಲಕ್ಕೆ ಬಿಸಿಲು ತಾಗಿ ಕಳೆಯ ಬೀಜ ಮೊಳೆಯುತ್ತದೆ. ಕತ್ತರಿಸಿದ ತುಣುಕುಗಳನ್ನು ಅಲ್ಲಿಯೇ ಬಿಟ್ಟರೆ ಅವು ಕೊಳೆತು ಗೊಬ್ಬರವಾಗುತ್ತವೆ. ಚೀಲಕ್ಕೆ ತುಂಬಿ ಹೊರಗೆ ಹಾಕಿ, ಮತ್ತೆ ಹಣ ಕೊಟ್ಟು ಗೊಬ್ಬರ ತರುವುದು ಯಾವ ಲೆಕ್ಕಕ್ಕೂ ಕೂಡದು.

ನೀರು ವಾರಕ್ಕೆ, ಮಳೆಯೂ ಸೇರಿ, ಒಂದು ಅಂಗುಲ ಸಾಕು. ಅಂಗಳದಲ್ಲಿ ಒಂದು ಚಪ್ಪಟೆ ಡಬ್ಬಿಯನ್ನು ಇಟ್ಟು ಅಳೆದುಕೊಳ್ಳಬಹುದು. ದಿನವೂ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ವಾರಕ್ಕೆ ಒಂದೆರಡು ಸಲ ಆಳಕ್ಕೆ ಇಳಿಯುವಂತೆ, ಬೆಳಗಿನ ಹೊತ್ತು ಕೊಡುವುದು ಮೇಲು. ಜುಲೈ–ಆಗಸ್ಟಿನಲ್ಲಿ ಮಳೆ ತಪ್ಪಿ ಹುಲ್ಲು ಕಂದಾದರೆ ಗಾಬರಿಪಡಬಾರದು. ಅದು ಸತ್ತದ್ದಲ್ಲ, ಮಲಗಿದ್ದು. ಹಾಗೆ ನಾಲ್ಕಾರು ವಾರ ಮಲಗಿರಲು ಅದಕ್ಕೆ ಶಕ್ತಿಯಿದೆ. ಬರ ದೀರ್ಘವಾದರೆ ಬುಡ ಸಾಯದಂತೆ ಎರಡು ಮೂರು ವಾರಕ್ಕೊಮ್ಮೆ ಅರ್ಧ ಅಂಗುಲ ನೀರು ಕೊಟ್ಟರಾಯಿತು. ಮಲಗಿದ ಹುಲ್ಲಿಗೆ ಗೊಬ್ಬರ ಹಾಕುವುದಂತೂ ಕೂಡದು. ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸಿ ಉಣಿಸಿದಂತೆ. ಅದು ಉಣ್ಣದು, ನಿದ್ದೆಯೂ ಕೆಡುತ್ತದೆ.

ಉಣಿಸಬೇಕಾದದ್ದು ಸೆಪ್ಟೆಂಬರಿನಲ್ಲಿ. ಆಗ ಹುಲ್ಲು ತಾನು ಪಡೆದ ಆಹಾರವನ್ನು ಬೇರು ಬುಡಗಳಲ್ಲಿ ಕೂಡಿಟ್ಟುಕೊಂಡು ದೀರ್ಘನಿದ್ರೆಗೆ ಸಿದ್ಧವಾಗುತ್ತದೆ. ವಸಂತದ ಚಿಗುರು ಹುಟ್ಟುವುದು ಈ ಉಗ್ರಾಣದಿಂದಲೇ. ಗೊಬ್ಬರದ ಪ್ರಮಾಣವನ್ನು ಮಣ್ಣಿನ ಪರೀಕ್ಷೆ ಮಾಡಿಸಿಯೇ ನಿಶ್ಚಯಿಸಬೇಕು. ಹತ್ತು ಸಾವಿರ ಕೆರೆಗಳ ನಾಡೆಂದು ಹೆಸರಾದ ಮಿನ್ನೆಸೋಟದಲ್ಲಿ ಅಂಗಳಗಳ ರಂಜಕ ಮಳೆನೀರಿನೊಡನೆ ಕೆರೆ ಸೇರಿ, ಪಾಚಿ ಬೆಳೆದು ನೀರು ಕೆಡುತ್ತಿತ್ತು. ಅದನ್ನು ತಡೆಯಲು 2002ರಲ್ಲಿ ಕಾನೂನು ಮಾಡಿದರು. 2005ರಿಂದ ಇಡೀ ರಾಜ್ಯದಲ್ಲಿ ಲಾನಿಗೆ ರಂಜಕವಿರುವ ಗೊಬ್ಬರ ಹಾಕುವುದನ್ನು ನಿರ್ಬಂಧಿಸಲಾಗಿದೆ. ಹೊಸ ಬಿತ್ತನೆಗೆ ಮತ್ತು ಮಣ್ಣಿನಲ್ಲಿ ಕೊರತೆ ಇದೆಯೆಂದು ಪರೀಕ್ಷೆಯಲ್ಲಿ ಕಂಡುಬಂದ ಕಡೆಗೆ ಮಾತ್ರ ವಿನಾಯಿತಿ. ಒಂದು ಮನೆಯ ಅಂಗಳಕ್ಕೂ ಊರಿನ ಕೆರೆಗೂ ಇರುವ ಸಂಬಂಧವನ್ನು ಅಲ್ಲಿನವರು ಕಾನೂನಿನಲ್ಲಿ ಬರೆದಿಟ್ಟಿದ್ದಾರೆ.

ಅಕ್ಟೋಬರಿನಲ್ಲಿ ಮೇಪಲ್ ಮರಗಳ ಎಲೆ ರಾಶಿರಾಶಿಯಾಗಿ ಉದುರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಹುಲ್ಲು ಉಸಿರುಕಟ್ಟುತ್ತದೆ. ಯಂತ್ರವನ್ನು ಅದರ ಮೇಲೆ ಹಾಯಿಸಿ ಪುಡಿಮಾಡಿದರೆ ಮಣ್ಣಿಗೆ ಸೇರುತ್ತದೆ. ಬೆಳವಣಿಗೆ ನಿಲ್ಲುವವರೆಗೂ ಕತ್ತರಿಸುತ್ತಿದ್ದು, ಕೊನೆಯ ಕೊಯ್ತದಲ್ಲಿ ಎರಡೂವರೆ ಅಂಗುಲಕ್ಕೆ ತಂದು ನಿಲ್ಲಿಸಬೇಕು. ಉದ್ದ ಹುಲ್ಲು ಹಿಮದಡಿ ಮಡಿಚಿಬಿದ್ದರೆ ಬೂಷ್ಟು ಹಿಡಿಯುತ್ತದೆ. ಅದರಡಿಯಲ್ಲಿ ಇಲಿಯಂಥ ಸಣ್ಣ ಪ್ರಾಣಿಗಳು ದಾರಿ ಕೊರೆದು ಬುಡವನ್ನು ಮೇಯುತ್ತವೆ.

ಇನ್ನು ಹಿಮ. ಮೊದಲ ಬಾರಿ ಕಂಡವರಿಗೆ ಅದು ಹುಲ್ಲಿನ ಶವವಸ್ತ್ರದಂತೆ ತೋರುತ್ತದೆ. ನಿಜವಾಗಿ ಅದು ಕಂಬಳಿ. ದಪ್ಪನೆಯ ಹಿಮದಡಿಯ ಮಣ್ಣು ಹೊರಗಿನ ಗಾಳಿಗಿಂತ ಎಷ್ಟೋ ಬೆಚ್ಚಗಿರುತ್ತದೆ. ಹುಲ್ಲಿಗೆ ಕೇಡು ಬರುವುದು ಹಿಮದಿಂದಲ್ಲ, ದಾರಿಯ ಹಿಮ ಕರಗಿಸಲು ಎಸೆಯುವ ಉಪ್ಪಿನಿಂದ. ಹಿಮ ಸರಿಸುವಾಗ ಉಪ್ಪು ಬೆರೆತ ರಾಶಿಯನ್ನು ಹುಲ್ಲಿನ ಮೇಲೆ ಗುಡ್ಡೆಹಾಕಬಾರದು. ಏಪ್ರಿಲಿನಲ್ಲಿ ಹಿಮ ಕರಗಿ ನೆಲ ಒದ್ದೆಯಾಗಿರುವಾಗ ಅದರ ಮೇಲೆ ನಡೆದಾಡದೆ, ಒಣಗಿದ ಬಳಿಕ ಹಗುರವಾಗಿ ಬಾಚಿ, ಕಾಯಬೇಕು. ಕೂಡಿಟ್ಟ ಉಗ್ರಾಣ ಇದ್ದರೆ ಚಿಗುರು ತಾನಾಗಿ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆಯೂ, ಯಾರೂ ಮೇಯದ ಹುಲ್ಲಿಗೆ ಇಷ್ಟು ನೀರು, ಇಷ್ಟು ಹಣ ಬೇಕೇ ಎಂಬ ಹಿರಿಯರ ಪ್ರಶ್ನೆ ಉಳಿಯುತ್ತದೆ. ಅಲ್ಲಿನವರೂ ಈ ಪ್ರಶ್ನೆಯನ್ನು ಕೇಳಿಕೊಳ್ಳತೊಡಗಿದ್ದಾರೆ. ಫೆಸ್ಕ್ಯೂ ಹುಲ್ಲಿನೊಡನೆ ಬಿಳಿ ಕ್ಲೋವರ್, ನೆಲಕ್ಕೆ ಹಬ್ಬುವ ಥೈಮ್ ಮೊದಲಾದ ಹೂಗಿಡಗಳನ್ನು ಬೆರೆಸಿ ಬೆಳೆಸುವ 'ಜೇನ್ನೊಣಗಳ ಲಾನ್' ಅಲ್ಲಿ ಪ್ರಚಾರಕ್ಕೆ ಬಂದಿದೆ. ಇದಕ್ಕೆ ನೀರು ಕಡಿಮೆ, ಕತ್ತರಿಸುವ ಕೆಲಸ ಕಡಿಮೆ. ಕ್ಲೋವರ್ ನಮ್ಮ ಹುರುಳಿ, ಹೆಸರುಗಳಂತೆ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಮಿನ್ನೆಸೋಟ ಸರಕಾರವೇ 2019ರಲ್ಲಿ ಮನೆಯವರಿಗೆ ಇಂಥ ಅಂಗಳಗಳಿಗಾಗಿ ನೆರವು ನೀಡುವ ಯೋಜನೆಯನ್ನು ಆರಂಭಿಸಿತು. ಲಾನಿನ ಒಂದು ಪಾಲನ್ನು ಮೆಂತ್ಯ, ಕೊತ್ತಂಬರಿ, ಬೆಂಡೆಗಳಿಗೆ ಬಿಟ್ಟುಕೊಟ್ಟರೆ ಹಿರಿಯರ ಕೈಗೂ ಕೆಲಸ, ಮನೆಯ ಅಡಿಗೆಗೂ ಸೊಪ್ಪು.

ಯಾತ್ರಿಕರಿಗೆ ಒಂದು ವಿನಂತಿ

ಮತ್ತೆ ರಾಮಕುಂಜದ ಕಡೆಗೆ ತಿರುಗೋಣ. ಅಮೆರಿಕದ ಹುಲ್ಲಿನ ಚೆಲುವಿಗೆ ಮರುಳಾಗಿ ಅದರ ಬೀಜದ ಪೊಟ್ಟಣವನ್ನು ಊರಿಗೆ ತರುವ ಆಸೆ ಕೆಲವರಿಗಿದೆ. ತಂಪುಕುಲದ ಆ ಹುಲ್ಲು ನಮ್ಮ ಮಾಗಿಯಲ್ಲಿ ಮೊಳೆತರೂ ಚೈತ್ರ ವೈಶಾಖಗಳನ್ನು ದಾಟಲಾರದು. ಅಲ್ಲದೆ 2003ರ ಸಸ್ಯ ಸಂಪರ್ಕನಿಷೇಧ ಆದೇಶದ ಪ್ರಕಾರ ಅನುಮತಿ ಮತ್ತು ಆರೋಗ್ಯಪತ್ರವಿಲ್ಲದೆ ಹೊರದೇಶದ ಬಿತ್ತನೆಬೀಜವನ್ನು ತರುವಂತಿಲ್ಲ. ಕರಾವಳಿಯ ಮನೆಯಂಗಳಕ್ಕೆ ನಮ್ಮ ಗರಿಕೆಯೇ ಸಾಕು. ಜೂನ್ ತಿಂಗಳ ಮೊದಲ ಮಳೆಗಳಲ್ಲಿ ಅದರ ಬಳ್ಳಿಯ ತುಂಡುಗಳನ್ನು ಊರಿದರೆ ಕಾರ್ತಿಕದೊಳಗೆ ನೆಲ ಮುಚ್ಚಿಕೊಳ್ಳುತ್ತದೆ. ಬೇಸಗೆಯಲ್ಲಿ ಅದು ಕಂದಿದರೆ ಕಂದಲಿ. ಬಾವಿ ಬತ್ತುವ ಕಾಲದಲ್ಲಿ ಅಂಗಳ ಹಸಿರಾಗಿರಬೇಕೆಂಬ ಹಟ ನಮ್ಮ ಹವಾಮಾನಕ್ಕೆ ಒಪ್ಪುವಂಥದಲ್ಲ.

ಸುಬ್ರಹ್ಮಣ್ಯದ ಯಾತ್ರೆಯಲ್ಲಿ ಈ ದಾರಿಯಾಗಿ ಹೋಗುವವರು ಜುಲೈನಿಂದ ಅಕ್ಟೋಬರಿನೊಳಗೆ ಹೋದರೆ ಕೊಯಿಲದ ಗುಡ್ಡಗಳು ಹಸಿರಾಗಿರುತ್ತವೆ. ಅದಾದ ಮೇಲೆ ಹೊಂಬಣ್ಣಕ್ಕೆ ತಿರುಗುತ್ತವೆ. ಆದರೆ ಅದು ಉದ್ಯಾನವಲ್ಲ, ಜಾನುವಾರುಗಳ ಊಟದ ತಟ್ಟೆ. ಒಳಗೆ ಹೋಗುವ ಮೊದಲು ಕ್ಷೇತ್ರದವರ ಅನುಮತಿಯನ್ನು ಕೇಳಬೇಕು. ಕೊಡದಿದ್ದರೆ ರಸ್ತೆಯಿಂದಲೇ ನೋಡಿ ತೃಪ್ತಿಪಡಬೇಕು. ವಾಹನವನ್ನು ಹುಲ್ಲಿನ ಮೇಲೆ ಹತ್ತಿಸಬಾರದು. ಮಳೆಯಲ್ಲಿ ಮೆತ್ತಗಾದ ತೆಳುಮಣ್ಣು ಗಾಲಿಯ ತುಳಿತಕ್ಕೆ ಕಿತ್ತುಹೋದರೆ ಕೆಳಗಿರುವುದು ಬರಿಯ ಮುರಕಲ್ಲು. ಅಲ್ಲಿ ಮತ್ತೆ ಹುಲ್ಲು ನಿಲ್ಲಲು ಬಹಳ ವರ್ಷಗಳು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಿಂಡಿಯ ಪೊಟ್ಟಣ, ಪ್ಲಾಸ್ಟಿಕ್ ಚೀಲಗಳನ್ನು ಅಲ್ಲಿ ಬಿಟ್ಟುಬರಬಾರದು. ಹಸು ಅದನ್ನು ಹುಲ್ಲಿನೊಡನೆ ನುಂಗುತ್ತದೆ. ಪ್ಲಾಸ್ಟಿಕ್ ಜೀರ್ಣವಾಗದೆ ಹೊಟ್ಟೆಯಲ್ಲಿ ಗಂಟುಕಟ್ಟಿ, ಮೆಲುಕು ನಿಂತು, ಮೂಕಪ್ರಾಣಿ ನರಳಿ ಸಾಯುತ್ತದೆ. ಮೇಯುವ ದನ ಇಲ್ಲವಾದರೆ ಈ ಹುಲ್ಲುಗಾವಲೂ ಪೊದೆಗಳ ಪಾಲಾಗುತ್ತದೆ ಎಂಬುದನ್ನು ಮೇಲೆಯೇ ನೋಡಿದ್ದೇವೆ. ನೋಡಲು ಬಂದವರಿಂದಲೇ ನೋಡುವ ವಸ್ತು ನಾಶವಾಗಬಾರದು.

ಮಕ್ಕಳನ್ನು ಕರೆದುಕೊಂಡು ಹೋದಾಗ ಒಂದು ಹುಲ್ಲುಗಡ್ಡೆಯ ಎಲೆಗಳನ್ನು ಮೆಲ್ಲನೆ ಸರಿಸಿ ಅದರ ಬುಡವನ್ನು ತೋರಿಸಿ. ಬಿಸಿಲಿನಲ್ಲಿಯೂ ಹಿಮದಲ್ಲಿಯೂ ಹುಲ್ಲು ಉಳಿಸಿಕೊಳ್ಳುವುದು ಅಷ್ಟನ್ನೇ. ದೂರದೇಶದಲ್ಲಿ ಮನೆ ಮಾಡಿದ ಮಕ್ಕಳಿಗೆ ಮುಂದಿನ ಬಾರಿ ಫೋನಿನಲ್ಲಿ ಮಾತನಾಡುವಾಗ, ಅಂಗಳದ ಹುಲ್ಲು ಕಂದಿದೆಯೆಂದು ಅವರು ಚಿಂತಿಸಿದರೆ, ಶ್ರಾವಣ ಬರಲಿ, ಆಗ ಬಿತ್ತಿರಿ, ಅಲ್ಲಿಯವರೆಗೆ ಅದನ್ನು ಮಲಗಲು ಬಿಡಿ ಎಂದು ಹೇಳಿ.